ಬಣ್ಣ ದಾಟಿತು, ಕಣ ದಾಟಲಿಲ್ಲ: ಲೋಳೆಪದರ ಮತ್ತು ನ್ಯಾನೋ ಕಣಗಳ ಹೊದಿಕೆ ಕುರಿತ ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುತ್ತಿರುವ ಪ್ರಕರಣ ಕಾಸರಗೋಡು ಜಿಲ್ಲೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ನಡೆದದ್ದು. ಎಂ.ಫಾರ್ಮ್ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳ ಪ್ರಬಂಧದ ಕೆಲಸಕ್ಕೆ ನಾನು ಮಾರ್ಗದರ್ಶಕನಾಗಿದ್ದೆ. ಔಷಧ ತುಂಬಿದ ನ್ಯಾನೋ ಕಣ ಕರುಳಿನ ಲೋಳೆಯನ್ನು ದಾಟಬೇಕಾದರೆ ಅದಕ್ಕೆ ಎಂಥ ಹೊದಿಕೆ ಬೇಕು ಎಂಬುದೇ ಆಕೆಯ ವಿಷಯ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು, ವರ್ಷ, ಆಕೆಯ ಊರು ಇವನ್ನೆಲ್ಲ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಪ್ರಯೋಗ ಸಾಗಿದ ಕ್ರಮ, ಎದುರಾದ ತೊಡಕು, ನಾವು ತೆಗೆದುಕೊಂಡ ನಿರ್ಧಾರಗಳು ಮಾತ್ರ ನಡೆದಂತೆಯೇ ಇವೆ. ನಮ್ಮ ಅಳತೆಯ ಅಂಕಿಗಳನ್ನು ಕೊಡುತ್ತಿಲ್ಲ, ಏಕೆಂದರೆ ಒಂದು ವರ್ಷದ ಯೋಜನೆಯಲ್ಲಿ ಪ್ರತಿಯೊಂದು ಪ್ರಯೋಗವನ್ನೂ ಬೇಕಾದಷ್ಟು ಸಲ ಮಾಡಲು ಆಗಲಿಲ್ಲ. ಅವು ಯಾವ ದಿಕ್ಕನ್ನು ತೋರಿಸಿದವು ಎಂಬುದನ್ನಷ್ಟೇ ಹೇಳುತ್ತೇನೆ.

ಹಿನ್ನೆಲೆ

ಮೂಗು, ಶ್ವಾಸನಾಳ, ಕರುಳು, ಕಣ್ಣು, ಯೋನಿಮಾರ್ಗ, ಹೀಗೆ ಹೊರಗಿನ ಲೋಕಕ್ಕೆ ತೆರೆದುಕೊಂಡಿರುವ ದೇಹದ ಮೈಗಳನ್ನೆಲ್ಲ ಲೋಳೆ ಕಾಯುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಉಳಿದ ಅಲ್ಪ ಭಾಗದಲ್ಲಿರುವ ಮ್ಯೂಸಿನ್ ಎಂಬ ಸಕ್ಕರೆ ಹೊತ್ತ ಪ್ರೋಟೀನು ಉದ್ದುದ್ದ ನೂಲುಗಳಾಗಿ ಹೆಣೆದುಕೊಂಡು ಆ ನೀರನ್ನು ಹಿಡಿದು ನಿಲ್ಲಿಸುತ್ತದೆ. ನೂಲಿನ ಸಕ್ಕರೆ ಕವಲುಗಳಲ್ಲಿ ಸಯಾಲಿಕ್ ಆಮ್ಲ ಮತ್ತು ಸಲ್ಫೇಟ್ ಗುಂಪುಗಳಿರುವುದರಿಂದ ಅದರ ಮೈ ಋಣ ಆವೇಶ ಹೊತ್ತಿರುತ್ತದೆ. ನಡುನಡುವೆ ಸಕ್ಕರೆ ಇಲ್ಲದ ಬರಿಯ ಜಾಗಗಳಿದ್ದು, ಅವು ನೀರಿಗಿಂತ ಜಿಡ್ಡಿನ ವಸ್ತುಗಳನ್ನು ಹೆಚ್ಚು ಒಪ್ಪುತ್ತವೆ. ಆದ್ದರಿಂದ ಧನ ಆವೇಶದ ಕಣವೂ ಲೋಳೆಗೆ ಅಂಟುತ್ತದೆ, ಜಿಡ್ಡು ಮೈಯ ಕಣವೂ ಅಂಟುತ್ತದೆ. ಅಂಟಿದ ಕಣದ ಗತಿ ಲೋಳೆಯದೇ ಗತಿ. ಇಲಿಯ ಸಣ್ಣ ಕರುಳಿನಲ್ಲಿ ಹಳೆಯ ಲೋಳೆ ಹೋಗಿ ಹೊಸದು ಬರಲು ಸುಮಾರು 50ರಿಂದ 270 ನಿಮಿಷ ಸಾಕೆಂದು ಅಳೆದು ನೋಡಿದ್ದಾರೆ. ಅಷ್ಟರೊಳಗೆ ಕೋಶಗಳನ್ನು ಮುಟ್ಟದ ಔಷಧ ಕಣ ಲೋಳೆಯೊಂದಿಗೇ ಕೊಚ್ಚಿ ಹೋಗುತ್ತದೆ.

ವಿದ್ಯಾರ್ಥಿನಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರಯೋಗದ ವರದಿ ಇಂಗ್ಲಿಷಿನಲ್ಲಿ ಬರೆಯಬೇಕಾಗಿದ್ದರೂ ದಿನದ ಟಿಪ್ಪಣಿಯನ್ನು ಕನ್ನಡದಲ್ಲಿ ಇಡಲು ಅನುಮತಿ ಕೇಳಿದಳು, ನಾನು ಒಪ್ಪಿದೆ. ಆ ಪುಸ್ತಕದ ಎರಡನೆಯ ಪುಟದಲ್ಲೇ ಆಕೆ ಎರಡು ಕಂಬಗಳನ್ನು ಗೆರೆ ಹಾಕಿ ಬೇರೆ ಮಾಡಿದ್ದಳು: ಒಂದರ ಮೇಲೆ "ಅಂಟಿತೋ", ಇನ್ನೊಂದರ ಮೇಲೆ "ಸಿಲುಕಿತೋ" ಎಂದು ಬರೆದಿತ್ತು. ಕಡಲ ಕರೆಯವರಿಗೆ ಈ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ. ಬಲೆಯ ಕಣ್ಣಿಗಿಂತ ದೊಡ್ಡದಾದ ಮೀನು ಸಿಲುಕುತ್ತದೆ. ಕಣ್ಣಿಗಿಂತ ಎಷ್ಟೋ ಸಣ್ಣದಾದ ಪಾಚಿ ಸಿಲುಕದಿದ್ದರೂ ನೂಲಿಗೆ ಅಂಟಿಕೊಂಡು ಉಳಿಯುತ್ತದೆ. ಮನುಷ್ಯರ ಯೋನಿಮಾರ್ಗದ ಲೋಳೆಯಲ್ಲಿ ಬಲೆಯ ಕಣ್ಣು ಸರಾಸರಿ 340 ನ್ಯಾನೋಮೀಟರ್ ಆಸುಪಾಸು, ಲೋಳೆ ದಪ್ಪಗಾಗುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ರೋಗಿಗಳ ಕಫದಲ್ಲಿ 140ರಷ್ಟು. 200 ನ್ಯಾನೋಮೀಟರಿನ ಕಣ ಮೊದಲನೆಯದರಲ್ಲಿ ಗಾತ್ರದ ದೆಸೆಯಿಂದ ನಿಲ್ಲಬೇಕಾಗಿಲ್ಲ, ಎರಡನೆಯದರಲ್ಲಿ ನಿಲ್ಲಬಹುದು. ಹೊದಿಕೆಯಿಂದ ಸರಿಪಡಿಸಬಹುದಾದದ್ದು ಅಂಟುವಿಕೆಯನ್ನು ಮಾತ್ರ. ಈ ಒಂದು ಮಾತು ಮುಂದಿನ ಎಲ್ಲ ನಿರ್ಧಾರಗಳ ಹಿಂದೆ ಇತ್ತು. ಅದನ್ನು ನಾವು ಮರೆತಾಗಲೆಲ್ಲ ದಾರಿ ತಪ್ಪಿದೆವು.

ಈ ವಿಷಯಕ್ಕೆ ದಾರಿ ತೋರಿದ್ದು ವೈರಸ್‌ಗಳು. ನಾರ್ವಾಕ್ ವೈರಸ್ಸಿನ ಮತ್ತು ಪ್ಯಾಪಿಲೋಮಾ ವೈರಸ್ಸಿನ ಕಣಗಳು ಗರ್ಭಕಂಠದ ಲೋಳೆಯಲ್ಲಿ ನೀರಿನಲ್ಲಿ ಚಲಿಸುವಷ್ಟೇ ಸಲೀಸಾಗಿ ಚಲಿಸುತ್ತವೆ ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಿಚರ್ಡ್ ಕೋನ್ ಅವರ ತಂಡ 2001ರಲ್ಲಿ ತೋರಿಸಿತು. ಅವುಗಳ ಮೈಮೇಲೆ ಧನ, ಋಣ ಎರಡೂ ಆವೇಶಗಳು ದಟ್ಟವಾಗಿದ್ದು ಒಟ್ಟು ಲೆಕ್ಕ ಸೊನ್ನೆಯ ಹತ್ತಿರ ಇರುತ್ತದೆ, ಜಿಡ್ಡಿನ ಭಾಗ ಹೊರಗೆ ಕಾಣುವುದಿಲ್ಲ. 2007ರಲ್ಲಿ ಅದೇ ವಿಶ್ವವಿದ್ಯಾಲಯದ ಜಸ್ಟಿನ್ ಹೇನ್ಸ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲನ್ನು, ಅಂದರೆ ಪೆಗ್ಗನ್ನು, ದಟ್ಟವಾಗಿ ಹೊದಿಸಿದ 200 ಮತ್ತು 500 ನ್ಯಾನೋಮೀಟರಿನ ಕಣಗಳು ತಾಜಾ ಲೋಳೆಯಲ್ಲಿ ನೀರಿಗಿಂತ ಕ್ರಮವಾಗಿ 6 ಮತ್ತು 4 ಪಟ್ಟು ಮಾತ್ರ ನಿಧಾನವಾಗಿ ಚಲಿಸಿದವೆಂದು ವರದಿ ಮಾಡಿದರು. ಹೊದಿಕೆ ಇಲ್ಲದ ಕಣಗಳು ಸಾವಿರಾರು ಪಟ್ಟು ನಿಧಾನವಾಗಿದ್ದವು. ಅದಕ್ಕೆ ಮೊದಲು ಪೆಗ್ಗನ್ನು ಲೋಳೆಗೆ ಅಂಟಿಸುವ ವಸ್ತುವೆಂದೇ ಅನೇಕರು ಬಳಸುತ್ತಿದ್ದರು. ಅದೇ ವಸ್ತು ಒಂದು ಕಡೆ ಅಂಟಿಸುತ್ತದೆ, ಇನ್ನೊಂದು ಕಡೆ ಬಿಡಿಸುತ್ತದೆ ಎಂದಾದರೆ ವಸ್ತುವಿನ ಹೆಸರೊಂದೇ ಏನನ್ನೂ ಹೇಳುವುದಿಲ್ಲ. ಎಳೆ ಎಷ್ಟು ಉದ್ದ, ಎಷ್ಟು ಒತ್ತಾಗಿ ನೆಟ್ಟಿದೆ, ಬುಡ ಎಷ್ಟು ಗಟ್ಟಿ ಎಂಬುದೇ ಮುಖ್ಯ.

ಯೋಜನೆ ಮತ್ತು ಮೊದಲ ಹೊದಿಕೆ

ದೊಡ್ಡ ಕರುಳಿನ ಉರಿಯೂತಕ್ಕೆ ಕೊಡುವ ಬ್ಯೂಡೆಸೊನೈಡ್ ಎಂಬ ಸ್ಟಿರಾಯ್ಡನ್ನು ಆರಿಸಿಕೊಂಡೆವು. ಅದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ರಕ್ತಕ್ಕೆ ಸೇರಿದ ಪಾಲನ್ನು ಯಕೃತ್ತು ಬೇಗ ಒಡೆಯುವುದರಿಂದ ರೋಗವಿರುವ ಜಾಗದಲ್ಲೇ ಕೆಲಸ ಮಾಡಿಸುವುದಕ್ಕೆ ಒಳ್ಳೆಯದು. ಔಷಧವನ್ನು ಪಿಎಲ್‌ಜಿಎ ಎಂಬ ದೇಹದಲ್ಲಿ ಕರಗಿ ಹೋಗುವ ಪಾಲಿಮರಿನೊಳಗೆ ತುಂಬಿ, 200 ನ್ಯಾನೋಮೀಟರಿನ ಹತ್ತಿರದ ಕಣಗಳನ್ನು ಮಾಡುವುದೆಂದು ನಿಶ್ಚಯಿಸಿದೆವು. ವಿಧಾನ ಸರಳ. ಪಾಲಿಮರು ಮತ್ತು ಔಷಧವನ್ನು ಅಸಿಟೋನಿನಲ್ಲಿ ಕರಗಿಸಿ, ಕಲಕುತ್ತಿರುವ ನೀರಿಗೆ ಹನಿಹನಿಯಾಗಿ ಬಿಟ್ಟರೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಅಸಿಟೋನು ಆವಿಯಾಗಿ ಹೋದ ಮೇಲೆ ಕಣಗಳು ಉಳಿಯುತ್ತವೆ. ಕಣದ ಗಾತ್ರ ಮತ್ತು ಮೈಯ ಆವೇಶ ಅಳೆಯುವ ಉಪಕರಣ ನಮ್ಮಲ್ಲಿರಲಿಲ್ಲ. ಮಂಜುಗಡ್ಡೆ ತುಂಬಿದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮಾದರಿಗಳನ್ನಿಟ್ಟುಕೊಂಡು ಆಕೆ ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋಗಿ ಅಳೆಸಿಕೊಂಡು ಸಂಜೆ ಮರಳುತ್ತಿದ್ದಳು.

ಮೊದಲು ಹೊದಿಸಿದ್ದು ಕೈಟೋಸಾನ್. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಈ ವಸ್ತು ನಮ್ಮ ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಪೊಟ್ಟಣದ ಮ್ಯೂಸಿನ್ ಪುಡಿಯನ್ನು ನೀರಿನಲ್ಲಿ ಕದಡಿ, ಕಣಗಳನ್ನು ಬೆರೆಸಿ, ಯಂತ್ರದಲ್ಲಿ ತಿರುಗಿಸಿ ತಳಕ್ಕಿಳಿಸಿ, ಮೇಲಿನ ತಿಳಿಯಲ್ಲಿ ಎಷ್ಟು ಮ್ಯೂಸಿನ್ ಉಳಿಯಿತೆಂದು ನೋಡಿದೆವು. ತಿಳಿಯಲ್ಲಿ ಉಳಿದದ್ದು ಬಹಳ ಕಡಿಮೆ. ಫಲಿತಾಂಶ ಚೆನ್ನಾಗಿದೆ ಎಂದು ಆಕೆ ಬರೆದಳು, ನಾನೂ ಸಹಿ ಹಾಕಿದೆ.

ವಾರದ ನಂತರ ಆ ಪುಟವನ್ನು ಮತ್ತೆ ಓದುವಾಗ ಆಕೆಯದೇ ಕಂಬಗಳು ಕಣ್ಣಿಗೆ ಬಿದ್ದವು. "ಅಂಟಿತೋ" ಎಂಬ ಕಂಬದಲ್ಲಿ "ಹೌದು, ತುಂಬಾ" ಎಂದಿತ್ತು. ನಮಗೆ ಬೇಕಾದದ್ದು ಲೋಳೆಯನ್ನು ದಾಟುವ ಕಣ. ನಾವು ಮಾಡಿದ್ದು ಅಂಟುವಿಕೆಯ ಪರೀಕ್ಷೆ, ಹೊಗಳಿದ್ದು ಅತ್ಯಂತ ಗಟ್ಟಿಯಾಗಿ ಅಂಟಿದ ಕಣವನ್ನು. ಈ ತಪ್ಪಿಗೆ ಕಾರಣ ಅಜ್ಞಾನವಲ್ಲ. ಲೋಳೆಗೆ ಅಂಟಿಸಿ ಔಷಧವನ್ನು ಹೆಚ್ಚು ಹೊತ್ತು ನಿಲ್ಲಿಸಬೇಕೆಂಬ ಹಳೆಯ ಧ್ಯೇಯ ಪಠ್ಯಪುಸ್ತಕಗಳಲ್ಲಿ ಇನ್ನೂ ಗಟ್ಟಿಯಾಗಿದೆ, ಅದಕ್ಕೆಂದು ರೂಪಿಸಿದ ಪರೀಕ್ಷೆಗಳು ಎಲ್ಲ ಕಾಲೇಜುಗಳಲ್ಲಿಯೂ ಕೈಗೆ ಸಿಗುವಂತಿವೆ. ಕೈಗೆ ಸಿಕ್ಕ ಪರೀಕ್ಷೆಯೇ ನಮ್ಮ ಪ್ರಶ್ನೆಯನ್ನು ಸದ್ದಿಲ್ಲದೆ ಬದಲಿಸಿತ್ತು.

ಹಲಸಿನ ಮೇಣ

ಕೈಟೋಸಾನನ್ನು ಕೈಬಿಟ್ಟ ದಿನ, ಹಾಗಾದರೆ ಯಾವ ಹೊದಿಕೆ ಎಂದು ಚರ್ಚಿಸುವಾಗ ಆಕೆ, "ಸರ್, ಹಲಸಿನ ಹಣ್ಣು ಕೊಯ್ಯುವಾಗ ಕತ್ತಿಗೆ ತೆಂಗಿನೆಣ್ಣೆ ಸವರುತ್ತೇವಲ್ಲ, ಹಾಗೆ ಕಣಕ್ಕೂ ಜಾರುವಂಥದ್ದನ್ನು ಹಚ್ಚಿದರಾಯಿತಲ್ಲವಾ" ಎಂದು ಕೇಳಿದಳು. ಈ ಹೋಲಿಕೆ ಅರ್ಧ ತಪ್ಪು, ಅರ್ಧ ಬಹಳ ಸರಿ. ಎರಡನ್ನೂ ಬಿಡಿಸಿ ನೋಡಿದ್ದರಿಂದ ನಮಗೆ ಆದ ಪ್ರಯೋಜನ ದೊಡ್ಡದು.

ಮೇಣ ಸ್ವತಃ ಜಿಡ್ಡಿನ ಜಾತಿಯದು, ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಆದ್ದರಿಂದ ಕತ್ತಿಗೆ ಎಣ್ಣೆ. ಲೋಳೆಯ ನೂಲಿನಲ್ಲಿ ಜಿಡ್ಡನ್ನು ಹಿಡಿಯುವ ಜಾಗಗಳಿರುವುದರಿಂದ ಅಲ್ಲಿ ಎಣ್ಣೆಯಂಥ ಮೈ ತಪ್ಪಿಸಿಕೊಳ್ಳುವುದಿಲ್ಲ, ಸಿಕ್ಕಿಬೀಳುತ್ತದೆ. ಅಲ್ಲಿ ಬೇಕಾದದ್ದು ನೀರನ್ನು ಅಪ್ಪಿಕೊಂಡು, ಆವೇಶವಿಲ್ಲದೆ, ನೂಲಿಗೆ ಹಿಡಿಯಲು ಏನೂ ಸಿಗದಂತೆ ನಿಲ್ಲುವ ಹೊದಿಕೆ. ಇದು ತಪ್ಪಿನ ಅರ್ಧ. ಸರಿಯಾದ ಅರ್ಧ ಹೀಗೆ: ಕತ್ತಿಯ ಅಲಗಿಗೆಲ್ಲ ಎಣ್ಣೆ ಹಚ್ಚಿ ಬುಡದಲ್ಲಿ ಒಂದು ಅಂಗುಲ ಬಿಟ್ಟರೂ ಮೇಣ ಮೊದಲು ಹಿಡಿಯುವುದು ಅಲ್ಲಿಯೇ. ಒಮ್ಮೆ ಹಿಡಿದ ಮೇಲೆ ಎಳೆ ಎಳೆಯಾಗಿ ಇಡೀ ಕತ್ತಿಯನ್ನು ಸುತ್ತಿಕೊಳ್ಳುತ್ತದೆ. ಕಣದ ಹೊದಿಕೆಯೂ ಹಾಗೆಯೇ, ಮುಕ್ಕಾಲು ಪಾಲು ಮುಚ್ಚಿದರೆ ಮುಕ್ಕಾಲು ಪಾಲು ಲಾಭ ಸಿಗುವುದಿಲ್ಲ. ಪೆಗ್ ಎಳೆಗಳು ವಿರಳವಾಗಿದ್ದರೆ ಒಂದೊಂದೂ ಅಣಬೆಯಂತೆ ಮುದುಡಿ ನಡುವೆ ಬರಿಯ ಮೈ ಕಾಣಿಸುತ್ತದೆ. ಒತ್ತಾಗಿದ್ದರೆ ನೇಜಿಯಂತೆ ನೆಟ್ಟಗೆ ನಿಂತು ಮೈಯನ್ನು ಮರೆಮಾಡುತ್ತವೆ. 2008ರಲ್ಲಿ ಹೇನ್ಸ್ ತಂಡವೇ 2 ಕಿಲೋಡಾಲ್ಟನ್ ತೂಕದ ಗಿಡ್ಡ ಎಳೆ ದಟ್ಟವಾಗಿದ್ದ ಕಣ ಚಲಿಸಿತೆಂದೂ 10 ಕಿಲೋಡಾಲ್ಟನಿನ ಉದ್ದ ಎಳೆಯ ಕಣ ಅಂಟಿತೆಂದೂ ತೋರಿಸಿತ್ತು. ಉದ್ದದ ಎಳೆಗಳನ್ನೂ ಸಾಕಷ್ಟು ಒತ್ತಾಗಿ ನೆಟ್ಟರೆ ಕಣ ದಾಟುತ್ತದೆಂದು ಮುಂದಿನ ವರ್ಷಗಳ ಕೆಲಸದಿಂದ ತಿಳಿದುಬಂದಿದೆ.

ಎರಡನೆಯ ಹೊದಿಕೆ: ಹೆಸರಿನಲ್ಲೇ ಇದ್ದ ಉತ್ತರ

ಪೆಗ್ಗನ್ನು ರಾಸಾಯನಿಕವಾಗಿ ಬೆಸೆದ ಪಿಎಲ್‌ಜಿಎ ದುಬಾರಿ. ಅದರ ಬದಲು, ತಯಾರಿಸುವಾಗಲೇ ನೀರಿಗೆ ಹಾಕಿದರೆ ತಾನಾಗಿ ಕಣದ ಮೈಗೆ ಕೂರುವ ಪೊಲಾಕ್ಸಮರನ್ನು ಬಳಸಲು ನಿರ್ಧರಿಸಿದೆವು. ಪೊಲಾಕ್ಸಮರಿನ ಅಣುವಿನಲ್ಲಿ ನಡುವೆ ಜಿಡ್ಡಿನ ತುಂಡು, ಎರಡೂ ತುದಿಗೆ ಪೆಗ್ಗಿನಂಥ ನೀರಿನ ಎಳೆ ಇರುತ್ತವೆ. ನಡುವಿನ ತುಂಡು ಕಣದ ಮೈಯನ್ನು ಕಚ್ಚಿ ಕೂರುತ್ತದೆ, ತುದಿಗಳು ನೀರಿಗೆ ಚಾಚಿಕೊಳ್ಳುತ್ತವೆ. ಕಪಾಟಿನಲ್ಲಿ ಎರಡು ಬಗೆ ಇದ್ದವು, 188 ಮತ್ತು 407. ಈ ಅಂಕಿಗಳು ಅಡ್ಡಹೆಸರುಗಳಲ್ಲ. ಮೊದಲ ಎರಡು ಅಂಕಿಗಳನ್ನು ನೂರರಿಂದ ಗುಣಿಸಿದರೆ ನಡುವಿನ ಜಿಡ್ಡು ತುಂಡಿನ ಸುಮಾರು ತೂಕ, ಕೊನೆಯ ಅಂಕಿಯನ್ನು ಹತ್ತರಿಂದ ಗುಣಿಸಿದರೆ ನೀರಿನ ಎಳೆಗಳ ಶೇಕಡಾ ಪಾಲು ಸಿಗುತ್ತದೆ. ಅಂದರೆ 188ರಲ್ಲಿ 1,800 ಡಾಲ್ಟನಿನ ನಡು ಮತ್ತು ಶೇಕಡಾ 80 ನೀರಿನ ಎಳೆ. 407ರಲ್ಲಿ 4,000 ಡಾಲ್ಟನಿನ ನಡು ಮತ್ತು ಶೇಕಡಾ 70.

ನೀರಿನ ಎಳೆಯ ಪಾಲು ಹೆಚ್ಚಿರುವ 188 ಮೇಲೆಂದು ಆಕೆ ವಾದಿಸಿದಳು, ನನಗೂ ಅದು ಸರಿಯೆನಿಸಿತು. ನಾವಿಬ್ಬರೂ ಎಲೆ ನೋಡಿದೆವು, ಬೇರು ನೋಡಲಿಲ್ಲ. ನಡುವಿನ ತುಂಡು ಗಿಡ್ಡವಾದರೆ ಅಣು ಕಣದ ಮೈಯಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ದಟ್ಟವಾದ ಹೊದಿಕೆಯಾಗುವುದಿಲ್ಲ. ಈ ತುಂಡು ಸುಮಾರು 3,000 ಡಾಲ್ಟನಿಗಿಂತ ದೊಡ್ಡದಿರುವ ಬಗೆಗಳು ಮಾತ್ರ ಕಣವನ್ನು ಲೋಳೆಯಲ್ಲಿ ಚಲಿಸುವಂತೆ ಮಾಡುತ್ತವೆ ಎಂಬ ಕೆಲಸ 2011ರಲ್ಲೇ ಪ್ರಕಟವಾಗಿತ್ತು. ಅದನ್ನು ಆಕೆಗೆ ಆಗಲೇ ಓದಿಸದೆ ಹೋದದ್ದು ಮಾರ್ಗದರ್ಶಕನಾದ ನನ್ನ ಲೋಪ.

ಲೋಪ ಇನ್ನೂ ಎರಡು ತಿಂಗಳು ಬೆಳಕಿಗೆ ಬರದಿರಲು ಒಂದು ಅಳತೆ ಕಾರಣವಾಯಿತು. ಮಂಗಳೂರಿನಿಂದ ಬಂದ ಝೀಟಾ ಅಳತೆಯಲ್ಲಿ, ಅಂದರೆ ಮೈಯ ಆವೇಶದ ಅಳತೆಯಲ್ಲಿ, 188 ಹೊದಿಸಿದ ಕಣದ ಆವೇಶ ಸೊನ್ನೆಯ ಹತ್ತಿರ ಇತ್ತು. ದಟ್ಟ ಹೊದಿಕೆಯ ಲಕ್ಷಣವೂ ಅದೇ ಆದ್ದರಿಂದ ನಾವು ಸಮಾಧಾನಗೊಂಡೆವು. ಆದರೆ ಮಾದರಿಯನ್ನು ಫಾಸ್ಫೇಟ್ ಲವಣ ದ್ರಾವಣದಲ್ಲಿ ತೆಳು ಮಾಡಿ ಅಳೆಯಲಾಗಿತ್ತು. ಅಷ್ಟು ಉಪ್ಪಿರುವ ನೀರಿನಲ್ಲಿ ಯಾವ ಕಣದ ಆವೇಶವೂ ತನ್ನ ಮೈಯಿಂದ ಒಂದು ನ್ಯಾನೋಮೀಟರಿನೊಳಗೆ ಮರೆಯಾಗುತ್ತದೆ. ಹೊದಿಕೆ ಇಲ್ಲದ ಕಣವೂ ಸಾಧುವಾಗಿ ಕಾಣಿಸುತ್ತದೆ. 10 ಮಿಲಿಮೋಲಾರ್ ಉಪ್ಪುನೀರಿನಲ್ಲಿ ಆ ದೂರ ಸುಮಾರು 3 ನ್ಯಾನೋಮೀಟರ್, ಅಲ್ಲಿ ಹೊದಿಕೆಯ ಕೊರತೆ ಬಯಲಾಗುತ್ತದೆ. ಬರಿಯ ಕಣವನ್ನೂ ಅದೇ ದಿನ ಅದೇ ದ್ರಾವಣದಲ್ಲಿ ಅಳೆಸಿದ್ದರೆ ಮೊದಲ ಸಲವೇ ತಿಳಿಯುತ್ತಿತ್ತು. ಒಂದು ಮಾದರಿಯ ಶುಲ್ಕ ಉಳಿಸಲು ಹೋಗಿ ಎರಡು ತಿಂಗಳು ಕಳೆದುಕೊಂಡೆವು.

ತಾಜಾ ಲೋಳೆ ಮತ್ತು ಹಸಿರು ಬಣ್ಣ

ಪೊಟ್ಟಣದ ಮ್ಯೂಸಿನ್ ತಯಾರಿಕೆಯ ಹಂತದಲ್ಲೇ ತನ್ನ ಹೆಣಿಗೆಯನ್ನು ಬಹುಪಾಲು ಕಳೆದುಕೊಂಡಿರುತ್ತದೆ, ನೀರಿಗೆ ಹಾಕಿದರೆ ಗಂಜಿಯಂತಾಗುತ್ತದೆ, ಬಲೆಯಾಗುವುದಿಲ್ಲ. ಆದ್ದರಿಂದ ಹಂದಿಯ ಸಣ್ಣ ಕರುಳಿನ ತಾಜಾ ಲೋಳೆಗೆ ಹೋದೆವು. ಇದು ಪ್ರಾಣಿ ಪ್ರಯೋಗವಲ್ಲದಿದ್ದರೂ ಕಾಲೇಜಿನ ನೈತಿಕ ಸಮಿತಿಗೆ ಬರೆದು ತಿಳಿಸಿ, ಭಾನುವಾರ ಬೆಳಿಗ್ಗೆ ಮಾಂಸದ ಅಂಗಡಿಯಿಂದ, ಅವರು ಹೇಗೂ ಬಿಸಾಡುವ ಕರುಳನ್ನು ಮಂಜುಗಡ್ಡೆಯಲ್ಲಿಟ್ಟು ತಂದೆವು. ಉದ್ದಕ್ಕೆ ಸೀಳಿ, ತಣ್ಣನೆಯ ಉಪ್ಪುನೀರಿನಲ್ಲಿ ಹೊಲಸು ತೊಳೆದು, ಮೊಂಡ ಚಮಚದ ಅಂಚಿನಿಂದ ಮೆಲ್ಲಗೆ ಎಳೆದರೆ ಬಸಳೆಯ ಲೋಳೆಗಿಂತ ದಪ್ಪನಾದ, ಬೂದು ಬಿಳುಪಿನ ಲೋಳೆ ಬರುತ್ತದೆ. ಒತ್ತಿ ಎಳೆದರೆ ಕೋಶಗಳೂ ಕಿತ್ತುಬಂದು ಲೋಳೆ ಕೆಡುತ್ತದೆ. ಆ ಕೈಹದ ಆಕೆಗೆ ನಾಲ್ಕನೆಯ ಭಾನುವಾರ ಸಿದ್ಧಿಸಿತು.

ಪರೀಕ್ಷೆಗೆ ಸಿಲಿಕೋನ್ ಕೊಳವೆಯ ವಿಧಾನವನ್ನು ಆರಿಸಿದೆವು. 30 ಮಿಲಿಮೀಟರ್ ಉದ್ದದ ಕೊಳವೆಯಲ್ಲಿ ಲೋಳೆ ತುಂಬಿ, ಒಂದು ತುದಿಯಲ್ಲಿ ಕುಮರಿನ್-6 ಎಂಬ ಹಸಿರು ಹೊಳೆಯುವ ಬಣ್ಣ ತುಂಬಿದ ಕಣಗಳನ್ನಿಟ್ಟು, ಎರಡೂ ಬದಿ ಮುಚ್ಚಿ, ಕಣಗಳು ತಳ ಸೇರದಂತೆ ನಿಧಾನವಾಗಿ ತಿರುಗಿಸಬೇಕು. ತಿರುಗಿಸಲು ಮಾತ್ರೆಗಳ ಸವೆತ ನೋಡುವ ಫ್ರಯಾಬಿಲೇಟರನ್ನೇ ಬಳಸಿದೆವು. ಅದರ ಡಬ್ಬಿ ನಿಮಿಷಕ್ಕೆ 25 ಸುತ್ತು ತಿರುಗುತ್ತದೆ. ಥರ್ಮೊಕೋಲ್ ಪೆಟ್ಟಿಗೆ ಮುಚ್ಚಿ, ಬಲ್ಬಿನ ಶಾಖದಿಂದ 37 ಡಿಗ್ರಿ ಕಾಯ್ದುಕೊಂಡೆವು. 4 ಗಂಟೆಯ ನಂತರ ಕೊಳವೆಯನ್ನು ಹೆಪ್ಪುಗಟ್ಟಿಸಿ 2 ಮಿಲಿಮೀಟರಿನ ಬಿಲ್ಲೆಗಳಾಗಿ ಕತ್ತರಿಸಿ, ಪ್ರತಿಯೊಂದರ ಬಣ್ಣ ಅಳೆಯಬೇಕು.

188 ಹೊದಿಸಿದ ಕಣಗಳ ಬಣ್ಣ ಎರಡನೆಯ, ಮೂರನೆಯ ಬಿಲ್ಲೆಯವರೆಗೆ ಬಂದಿತ್ತು. ಎಲ್ಲರಿಗೂ ಸಂತೋಷ. ಆದರೆ ಬರಿಯ ಕಣಗಳದ್ದೂ ಹೆಚ್ಚುಕಡಿಮೆ ಅಷ್ಟೇ ದೂರ ಬಂದಿತ್ತು. ತಾಜಾ ಲೋಳೆ ನಾವೆಣಿಸಿದಷ್ಟು ದೊಡ್ಡ ತಡೆಯಲ್ಲವೇನೋ ಎಂದು ನಾನು ವಿವರಣೆ ಹುಡುಕತೊಡಗಿದೆ. ಪ್ರಕರಣ ತಿರುವು ಪಡೆದದ್ದು ಆ ರಾತ್ರಿ ಆಕೆ ಹಾಸ್ಟೆಲಿನಲ್ಲಿ ಕೂತು ಹಾಕಿದ ಒಂದು ಪುಟದ ಲೆಕ್ಕದಿಂದ.

ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸಂಬಂಧದ ಪ್ರಕಾರ, 37 ಡಿಗ್ರಿಯ ಶುದ್ಧ ನೀರಿನಲ್ಲಿ 200 ನ್ಯಾನೋಮೀಟರ್ ಕಣದ ವಿಸರಣ ಗುಣಾಂಕ, ಅಂದರೆ ಅದು ತಾನಾಗಿ ಎಷ್ಟು ಬೇಗ ಹರಡುತ್ತದೆಂಬುದರ ಅಳತೆ, ಸೆಕೆಂಡಿಗೆ ಸುಮಾರು 3.3 ಚದರ ಮೈಕ್ರೋಮೀಟರ್. 4 ಗಂಟೆಯೆಂದರೆ 14,400 ಸೆಕೆಂಡು. ಗುಣಾಂಕವನ್ನು ಕಾಲದಿಂದ ಗುಣಿಸಿ, ಎರಡು ಪಟ್ಟು ಮಾಡಿ, ವರ್ಗಮೂಲ ತೆಗೆದರೆ ಸುಮಾರು 300 ಮೈಕ್ರೋಮೀಟರ್ ಬರುತ್ತದೆ. ಲೋಳೆಯೇ ಇಲ್ಲದ ನೀರಿನಲ್ಲೂ ಕಣ ಇಡೀ ಪ್ರಯೋಗದಲ್ಲಿ ತಾನಾಗಿ ಸಾಗುವ ದೂರ 0.3 ಮಿಲಿಮೀಟರ್ ಎಂದಾಯಿತು. ನಮ್ಮ ಮೊದಲ ಬಿಲ್ಲೆಯ ದಪ್ಪವೇ 2 ಮಿಲಿಮೀಟರ್. ಹಾಗಾದರೆ ಮೂರನೆಯ ಬಿಲ್ಲೆಯಲ್ಲಿ ಹೊಳೆಯುತ್ತಿದ್ದದ್ದು ಕಣವಾಗಿರಲು ಸಾಧ್ಯವೇ ಇರಲಿಲ್ಲ. ಕುಮರಿನ್-6ರ ಅಣುತೂಕ ಸುಮಾರು 350. ಅಂಥ ಸಣ್ಣ ಅಣು ಅದೇ ಅವಧಿಯಲ್ಲಿ ನೀರಿನಲ್ಲಿ 3ರಿಂದ 4 ಮಿಲಿಮೀಟರ್ ಹೋಗಬಲ್ಲದು. ಪುಟದ ಕೆಳಗೆ ಆಕೆ ಬರೆದದ್ದು ಒಂದೇ ಸಾಲು: "ಬಣ್ಣ ಹೋಗಿದೆ, ಕಣ ಹೋಗಿಲ್ಲ."

ಮರುದಿನ ಬಿಲ್ಲೆಗಳಿಂದ ಸಾಸಿವೆಯಷ್ಟು ಲೋಳೆ ತೆಗೆದು ಗಾಜಿನ ಮೇಲೆ ತೆಳುವಾಗಿ ಹರಡಿ, ಮಂಗಳೂರಿನಲ್ಲಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದೆವು. ಮೊದಲ ಬಿಲ್ಲೆಯಲ್ಲಿ ಕತ್ತಲ ಆಕಾಶದ ಚುಕ್ಕಿಗಳಂತೆ ಬಿಡಿಬಿಡಿಯಾದ ಹಸಿರು ಬಿಂದುಗಳಿದ್ದವು. ಮೂರನೆಯದರಲ್ಲಿ ಒಂದೂ ಬಿಂದುವಿರಲಿಲ್ಲ, ಎಲ್ಲ ಕಡೆ ಒಂದೇ ಸಮನಾದ ತೆಳು ಹಸಿರು ಮಬ್ಬು. ಕುಮರಿನ್-6 ಜಿಡ್ಡಿನಲ್ಲಿ ಕರಗುವ ಬಣ್ಣ, ತಾಜಾ ಲೋಳೆಯಲ್ಲಿ ಕೊಬ್ಬಿನ ಅಂಶವಿರುತ್ತದೆ. ಕಣದೊಳಗೆ ಸುಮ್ಮನೆ ಕರಗಿ ಕೂತಿದ್ದ ಬಣ್ಣ ಕೊಬ್ಬನ್ನು ಕಂಡೊಡನೆ ಹೊರಗೆ ನಡೆದಿತ್ತು. ಪೊಟ್ಟಣದ ಮ್ಯೂಸಿನ್ ದ್ರಾವಣದಲ್ಲಿ ಇದು ಕಾಣಿಸದಿದ್ದುದಕ್ಕೂ ಅದೇ ಕಾರಣವೆಂದು ನನ್ನ ಊಹೆ.

ಈ ಹಂತದಲ್ಲಿ ಎರಡು ದಾರಿಗಳಿದ್ದವು. ಪ್ರಬಂಧ ಸಲ್ಲಿಸಲು ನಾಲ್ಕೂವರೆ ತಿಂಗಳಷ್ಟೇ ಉಳಿದಿತ್ತು. ಕೊಳವೆಯ ಫಲಿತಾಂಶಗಳು ನೋಡಲು ಅಂದವಾಗಿದ್ದವು, ಬರಿಯ ಕಣದ ಕೊಳವೆಯನ್ನು ಬಿಟ್ಟು ಉಳಿದವನ್ನು ಬರೆದಿದ್ದರೆ ಪರೀಕ್ಷಕರು ಪ್ರಶ್ನಿಸುತ್ತಿರಲಿಲ್ಲ. ನಾನು ಈ ಮಾತನ್ನು ಆಕೆಯ ಮುಂದೆ ಎತ್ತುವ ಮೊದಲೇ ಆಕೆ, "ಸರ್, ಕೊಳವೆಯ ಪುಟಗಳಿಗೆ ಅಡ್ಡಗೆರೆ ಎಳೆಯಲೇ, ಅಥವಾ ತಪ್ಪೆಂದು ಬರೆದು ಹಾಗೇ ಇಡಲೇ?" ಎಂದು ಕೇಳಿದಳು. ಹಾಗೇ ಇಡಲು ಹೇಳಿದೆ. ಪ್ರಬಂಧದಲ್ಲಿ ಅದು ಒಂದು ಅಧ್ಯಾಯವಾಗಿಯೇ ಉಳಿದಿದೆ.

ಬದಲಿಸಿದ ಪ್ರಯೋಗ ಮತ್ತು ಫಲ

ಬಣ್ಣವನ್ನು ಪಿಎಲ್‌ಜಿಎಗೆ ರಾಸಾಯನಿಕವಾಗಿ ಬೆಸೆದ ಪಾಲಿಮರನ್ನು ತರಿಸಿದೆವು. ಬೆಲೆ ಹೆಚ್ಚಾದ್ದರಿಂದ ಸ್ವಲ್ಪವನ್ನೇ ಬರಿಯ ಪಾಲಿಮರಿನ ಜೊತೆ ಬೆರೆಸಿ ಕಣ ಮಾಡಿದೆವು. ಬಳಸುವ ಮೊದಲು ಆ ಕಣಗಳನ್ನು ಲೋಳೆಯಲ್ಲಿ 4 ಗಂಟೆ ಇಟ್ಟು, ಕಣಗಳನ್ನು ತಳಕ್ಕಿಳಿಸಿ, ತಿಳಿಯಲ್ಲಿ ಬಣ್ಣ ಬಂದಿದೆಯೇ ಎಂದು ನೋಡುವುದು ಕಡ್ಡಾಯವಾಯಿತು. ಕೊಳವೆಯ ಬದಲು, ರಂಧ್ರವಿರುವ ತಳದ ಸಣ್ಣ ಬಟ್ಟಲಿನಲ್ಲಿ ಸುಮಾರು 0.3 ಮಿಲಿಮೀಟರ್ ದಪ್ಪಕ್ಕೆ ಲೋಳೆ ಹರಡಿ, ಮೇಲಿನಿಂದ ಕಣಗಳನ್ನು ಬಿಟ್ಟು, ಕೆಳಗಿನ ದ್ರವದಲ್ಲಿ ಎಷ್ಟು ಬಂತೆಂದು ನೋಡಿದೆವು. ಬಟ್ಟಲಿನ ತಳದ ವಿಸ್ತಾರ 1.1 ಚದರ ಸೆಂಟಿಮೀಟರಾದ್ದರಿಂದ ಅಷ್ಟು ದಪ್ಪಕ್ಕೆ ಬೇಕಾದ ಲೋಳೆ ಸುಮಾರು 33 ಮೈಕ್ರೋಲೀಟರ್. ಅದನ್ನು ಸಮವಾಗಿ ಹರಡುವುದೇ ಈ ವಿಧಾನದ ಕಷ್ಟ. ಎಲ್ಲಾದರೂ ಒಂದು ತೂತು ಉಳಿದರೆ ಎಲ್ಲ ಕಣಗಳೂ ಅದರಲ್ಲೇ ಇಳಿದುಬಿಡುತ್ತವೆ. ಅದಕ್ಕಾಗಿ ಪ್ರತಿಯೊಂದು ಸಲವೂ ಲೋಳೆ ದಾಟಲಾಗದೆಂದು ಗೊತ್ತಿರುವ ಒಂದು ಮೈಕ್ರೋಮೀಟರಿನ ಬರಿಯ ಕಣಗಳ ಬಟ್ಟಲನ್ನೂ ಪಕ್ಕದಲ್ಲಿಟ್ಟು, ಅದರಲ್ಲಿ ಏನಾದರೂ ಕೆಳಗಿಳಿದರೆ ಆ ದಿನದ ಪ್ರಯೋಗವನ್ನೇ ಬಿಟ್ಟೆವು. ಹಾಗೆ ಬಿಟ್ಟ ದಿನಗಳು ಕಡಿಮೆಯೇನಲ್ಲ.

ಈ ಸಲ ಚಿತ್ರ ಸ್ಪಷ್ಟವಾಗಿತ್ತು. ಬರಿಯ ಕಣ ಮತ್ತು 188 ಹೊದಿಸಿದ ಕಣ ಎರಡೂ ಹೆಚ್ಚುಕಡಿಮೆ ಮೇಲೆಯೇ ಉಳಿದವು. ಕೈಟೋಸಾನಿನದ್ದು ಎಲ್ಲಕ್ಕಿಂತ ಮೇಲೆ ನಿಂತಿತು. 407 ಹೊದಿಸಿದ ಕಣ ಮಾತ್ರ ಪ್ರತಿಸಲವೂ ಕೆಳಗಿನ ದ್ರವಕ್ಕೆ ಬಂದಿತು. ಕೊಳವೆಯ ಬಣ್ಣ ತೋರಿಸಿದಷ್ಟು ಭರ್ಜರಿಯಾಗಿ ಬರಲಿಲ್ಲ, ಆದರೆ ಬಂದದ್ದು ಕಣವೇ ಎಂದು ಸೂಕ್ಷ್ಮದರ್ಶಕದ ಬಿಂದುಗಳು ಸಾಕ್ಷಿ ಹೇಳಿದವು. ಈ ತತ್ತ್ವ ಪ್ರಯೋಗಾಲಯದಲ್ಲೇ ಉಳಿದದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಲೋಟೆಪ್ರೆಡ್ನಾಲ್ ಎಂಬ ಸ್ಟಿರಾಯ್ಡಿನ ಸೂಕ್ಷ್ಮ ಕಣಗಳು ಕಣ್ಣಿನ ಲೋಳೆಯನ್ನು ದಾಟುವಂತೆ ಮಾಡಿದ ಹನಿಮದ್ದಿಗೆ 2018ರಲ್ಲಿ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ಕೊಟ್ಟಿದೆ.

ಕೊನೆಯ ತಿಂಗಳಲ್ಲಿ ಮಾಡಿದ ಒಂದು ಪ್ರಯೋಗ ನಮ್ಮ ತೀರ್ಮಾನವನ್ನು ಕಿರಿದಾಗಿಸಿತು, ಅದು ನನ್ನ ದೃಷ್ಟಿಯಲ್ಲಿ ಒಳ್ಳೆಯದೇ ಆಯಿತು. ಬಾಯಿಯ ಮೂಲಕ ಕೊಟ್ಟ ಕಣ ದೊಡ್ಡ ಕರುಳನ್ನು ಸೇರುವ ಮೊದಲು ಸಣ್ಣ ಕರುಳಿನ ಪಿತ್ತಲವಣಗಳ ನಡುವೆ ಹಾದುಹೋಗುತ್ತದೆ. ಪಿತ್ತಲವಣದ ಕೆಲಸವೇ ಜಿಡ್ಡಿನ ಮೈಗಳ ಮೇಲೆ ಹತ್ತಿ ಕೂರುವುದು. ಕೇವಲ ಕೂತಿರುವ, ಬೆಸೆದುಕೊಂಡಿರದ ಪೊಲಾಕ್ಸಮರನ್ನು ಅದು ಎಬ್ಬಿಸಿ ತಾನು ಕೂರಬಹುದಲ್ಲವೇ ಎಂಬ ಸಂಶಯ ಬಂತು. ಹಸಿದ ಹೊಟ್ಟೆಯ ಕರುಳಿನ ದ್ರವವನ್ನು ಅನುಕರಿಸುವ, 3 ಮಿಲಿಮೋಲಾರ್ ಟಾರೋಕೋಲೇಟ್ ಎಂಬ ಪಿತ್ತಲವಣ ಮತ್ತು 0.75 ಮಿಲಿಮೋಲಾರ್ ಲೆಸಿಥಿನ್ ಇರುವ ದ್ರಾವಣದಲ್ಲಿ 407ರ ಕಣಗಳನ್ನು ಎರಡು ಗಂಟೆ ನೆನೆಸಿ ಮತ್ತೆ ಬಟ್ಟಲಿಗೆ ಹಾಕಿದಾಗ ಅವುಗಳ ಅನುಕೂಲ ಬಹಳಷ್ಟು ತಗ್ಗಿತು.

ಪ್ರಬಂಧದ ತೀರ್ಮಾನವನ್ನು ಆಕೆ ಹೀಗೆ ಬರೆದಳು: ಪೊಲಾಕ್ಸಮರ್ 407 ಹೊದಿಸಿದ ಕಣ ಸಣ್ಣ ಕರುಳಿನ ತಾಜಾ ಲೋಳೆಯ ತೆಳು ಪದರವನ್ನು ದಾಟುತ್ತದೆ, ಪಿತ್ತಲವಣ ಕಂಡ ಮೇಲೆ ಆ ಗುಣ ಉಳಿಯುತ್ತದೆಂದು ಹೇಳಲಾಗದು, ಆದ್ದರಿಂದ ಈ ರೂಪದಲ್ಲಿ ಅದು ಗುದದ ಮೂಲಕ ಕೊಡುವ ಔಷಧಕ್ಕೆ ತಕ್ಕುದು. ಪಿತ್ತಲವಣದ ನೂರಕ್ಕೆ ಸುಮಾರು 95 ಪಾಲನ್ನು ದೇಹ ಸಣ್ಣ ಕರುಳಿನಲ್ಲೇ ಮರಳಿ ಹೀರಿಕೊಳ್ಳುವುದರಿಂದ ಈ ಮಾತಿಗೆ ಆಧಾರವಿದೆ. ಆದರೆ ದೊಡ್ಡ ಕರುಳಿನ ಒಳಪದರದ ಲೋಳೆ ಸಣ್ಣ ಕರುಳಿನದಕ್ಕಿಂತ ಒತ್ತಾಗಿದೆ, ಬ್ಯಾಕ್ಟೀರಿಯಾಗಳನ್ನೇ ಹೊರಗಿಡುವಷ್ಟು ಒತ್ತು ಎಂದು 2008ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಅಲ್ಲಿಯ ಬಲೆಯಲ್ಲಿ ನಮ್ಮ ಕಣ ಅಂಟದಿದ್ದರೂ ಸಿಲುಕಬಹುದು. ಮೌಖಿಕ ಪರೀಕ್ಷೆಯಲ್ಲಿ ಇದನ್ನೇ ಕೇಳಿದರು. ಆಕೆ ತನ್ನ ಟಿಪ್ಪಣಿ ಪುಸ್ತಕವನ್ನು ತೆರೆದು, ಎರಡನೆಯ ಕಂಬ ಇನ್ನೂ ಖಾಲಿ ಇದೆ ಎಂದು ತೋರಿಸಿದಳು.

ನಮ್ಮ ವಿಭಾಗದಲ್ಲಿ ಇದರಿಂದ ಬದಲಾದದ್ದು ಇಷ್ಟು. ಬಣ್ಣ ತುಂಬಿದ ಕಣದ ಯಾವ ಪ್ರಯೋಗಕ್ಕೂ ಮೊದಲು, ಅದೇ ಅವಧಿಯಲ್ಲಿ ಆ ಕಣ ಬರಿಯ ನೀರಿನಲ್ಲಿ ಎಷ್ಟು ದೂರ ಹೋಗಬಲ್ಲದೆಂಬ ಲೆಕ್ಕವನ್ನು ವಿದ್ಯಾರ್ಥಿ ಬರೆದು ತೋರಿಸಬೇಕು. ಝೀಟಾ ಅಳತೆಗೆ ಕಳುಹಿಸುವಾಗ ಬರಿಯ ಕಣ ಜೊತೆಯಲ್ಲೇ ಹೋಗಬೇಕು, ದ್ರಾವಣದ ಉಪ್ಪಿನ ಪ್ರಮಾಣ ಚೀಟಿಯ ಮೇಲೆ ಇರಬೇಕು. ಈ ವರ್ಷ ಅದೇ ಕೆಲಸವನ್ನು ಮುಂದುವರಿಸುತ್ತಿರುವ ಹುಡುಗ ಪೆಗ್ಗನ್ನು ಬೆಸೆದ ಪಿಎಲ್‌ಜಿಎಯನ್ನು ಪಿತ್ತಲವಣದಲ್ಲಿ ನೆನೆಸಿ ನೋಡುತ್ತಿದ್ದಾನೆ, ದೊಡ್ಡ ಕರುಳಿನ ಲೋಳೆಯನ್ನು ಕೆರೆದು ತೆಗೆಯಲು ಕಲಿಯುತ್ತಿದ್ದಾನೆ. ಅದು ಸಣ್ಣ ಕರುಳಿನದಕ್ಕಿಂತ ಬಹಳ ಕಡಿಮೆ ಬರುತ್ತದೆ. ಕಳೆದ ಎರಡು ಭಾನುವಾರಗಳಲ್ಲಿ ಸಿಕ್ಕಿದ್ದು ಒಂದು ಬಟ್ಟಲಿಗೆ ಸಾಕಾಗುವಷ್ಟು.